ಅಪ್ಪನ ಜೋಡುನಳಿಗೆ ಬಂದೂಕು, ಹನ್ನೊಂದು ತಿಂಗಳ ಓಡಾಟ

ಹೋದ ತಿಂಗಳು ಬಂದೂಕಿನ ಲೈಸೆನ್ಸ್ ನನ್ನ ಹೆಸರಿಗೆ ಬಂತು. ಅಪ್ಪ ತೀರಿಕೊಂಡಿದ್ದು 2023ರ ನವೆಂಬರ್‌ನಲ್ಲಿ. ನಡುವಿನ ಈ ಹನ್ನೊಂದು ತಿಂಗಳು ಏನೇನಾಯ್ತು ಅಂತ ಎಲ್ಲವನ್ನೂ ಬರೆದಿಡುತ್ತಿದ್ದೇನೆ. ಗದಗ, ನರಗುಂದ, ರೋಣ, ನವಲಗುಂದದ ಕಡೆ ಹಳೇ ಬಂದೂಕು ಇರುವ ಮನೆಗಳು ಬಹಳ ಇವೆ. ಹಿರಿಯರು ಹೋದಮೇಲೆ ಅದನ್ನು ಏನು ಮಾಡಬೇಕು, ಅದು ಯಾವ ಕಾಲದ್ದು, ಅದರಿಂದ ಗುಂಡು ಹೊಡೆಯಬಹುದಾ ಅನ್ನೋದನ್ನು ಹೇಳುವವರು ಸಿಗುವುದಿಲ್ಲ. ನನಗೂ ಸಿಕ್ಕಿರಲಿಲ್ಲ.

ನಮ್ಮದು ನರಗುಂದದ ಹತ್ತಿರದ ಊರು. ಮನೆಯಲ್ಲಿದ್ದದ್ದು ಜೋಡುನಳಿಗೆಯ, ಹೊರಗೆ ಎರಡು ಕುದುರೆ ಇರುವ ಹನ್ನೆರಡು ಬೋರಿನ ಬಂದೂಕು. ಬೋರು ಅಂದ್ರೆ ನಳಿಗೆಯೊಳಗಿನ ಅಗಲದ ಅಳತೆ. ಕುದುರೆ ಅಂದ್ರೆ ಹೆಬ್ಬೆರಳಿನಿಂದ ಹಿಂದಕ್ಕೆ ಎಳೆಯುವ ಆ ಸುತ್ತಿಗೆಯಂಥ ಭಾಗ. ಇದರ ಬಗ್ಗೆ ನಾವು ಸಣ್ಣವರಿದ್ದಾಗಿನಿಂದ ಕೇಳಿದ ಕಥೆ ಒಂದಿತ್ತು. 1858ರಲ್ಲಿ ನರಗುಂದದ ಅರಸ ಬಾಬಾಸಾಹೇಬರು ಬ್ರಿಟಿಷರ ವಿರುದ್ಧ ಎದ್ದರಲ್ಲ, ಸುರೇಬಾನದಲ್ಲಿ ಬ್ರಿಟಿಷ್ ಅಧಿಕಾರಿ ಮ್ಯಾನ್ಸನ್ ಸಾಹೇಬನನ್ನು ಕೊಂದರಲ್ಲ, ಆಮೇಲೆ ನರಗುಂದದ ಕೋಟೆ ಬಿತ್ತು, ಬಾಬಾಸಾಹೇಬರನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ಕೋಟೆ ಬಿದ್ದ ರಾತ್ರಿ ಅವರ ಕಡೆಯ ಸಿಪಾಯಿಯೊಬ್ಬ ನಮ್ಮ ಹಿರಿಯರ ಹಗೇವಿನಲ್ಲಿ, ಜೋಳದ ನಡುವೆ, ಈ ಬಂದೂಕು ಬಚ್ಚಿಟ್ಟು ಓಡಿಹೋದ ಅಂತ ಕಥೆ. ನಮ್ಮ ಕಾಕಾ ಇದನ್ನು ಹೇಳುವಾಗ ಅವರ ಕಣ್ಣು ತುಂಬಿ ಬರುತ್ತಿತ್ತು. ಪ್ರತಿ ಮಹಾನವಮಿಗೆ ಖಂಡೇ ಪೂಜೆಯಲ್ಲಿ ಕುಡಗೋಲು, ಕೊಡಲಿ, ಕುಂಟಿಯ ಜೊತೆ ಇದನ್ನೂ ಇಟ್ಟು, ನಳಿಗೆಗೆ ವಿಭೂತಿ ಬಳಿದು, ಕುಂಕುಮ ಹಚ್ಚಿ, ನೀರು ಚಿಮುಕಿಸಿ ಕಾಯಿ ಒಡೆಯುತ್ತಿದ್ದೆವು.

ಅಪ್ಪನ ದಿನಕರ್ಮ ಮುಗಿದ ಮರುದಿನವೇ ಮಾವನವರು ಹೇಳಿದರು, ಮೊದಲು ಬಂದೂಕು ಠಾಣೆಗೆ ಕೊಡು ಅಂತ. ಅದು ಸರಿಯಾದ ಮಾತು. ಲೈಸೆನ್ಸ್ ಇರುವುದು ವ್ಯಕ್ತಿಯ ಹೆಸರಿಗೆ, ಮನೆಯ ಹೆಸರಿಗಲ್ಲ. ಆ ವ್ಯಕ್ತಿ ಹೋದಮೇಲೆ ಬಂದೂಕು ಮನೆಯಲ್ಲಿಟ್ಟುಕೊಂಡರೆ 1959ರ ಆಯುಧ ಕಾಯ್ದೆಯ ಪ್ರಕಾರ ಅಪರಾಧ. ತಡಮಾಡದೆ ಹತ್ತಿರದ ಪೊಲೀಸ್ ಠಾಣೆಗೆ ಅಥವಾ ಲೈಸೆನ್ಸ್ ಇರುವ ಡೀಲರ್ ಹತ್ತಿರ ಜಮಾ ಮಾಡಬೇಕು. ಮನೆಯಲ್ಲಿ ಉಳಿದ ತೋಟಾ, ಅಂದ್ರೆ ಕಾಡತೂಸು, ಇದ್ದರೆ ಅವನ್ನೂ ಕೊಡಬೇಕು. ನಮ್ಮಲ್ಲಿ ಏಳು ಸಿಕ್ಕವು, ಅಪ್ಪನ ಕೋಟಿನ ಕಿಸೆಯಲ್ಲಿ ಒಂದು.

ರಸೀದಿ ತಗೊಳ್ಳುವಾಗ ದಯವಿಟ್ಟು ಅಲ್ಲೇ ನಿಂತು ಓದಿ. ನನ್ನ ರಸೀದಿಯಲ್ಲಿ ಜೋಡುನಳಿಗೆ ಬದಲು ಒಂಟಿ ನಳಿಗೆ ಅಂತ ಬರೆದಿದ್ದರು. ನಾನು ದುಃಖದಲ್ಲಿದ್ದೆ, ನೋಡಲಿಲ್ಲ. ಅದನ್ನು ತಿದ್ದಿಸಲು ನಾಲ್ಕು ಸಲ ಹೋಗಬೇಕಾಯಿತು.

ಆಮೇಲೆ ಕಾಗದ ಕೂಡಿಸುವ ಕೆಲಸ. ವಾರಸುದಾರನಾಗಿ ಲೈಸೆನ್ಸ್ ಕೇಳಲು ನಮೂನೆ ಎ-1ರಲ್ಲಿ ಅರ್ಜಿ ಹಾಕಬೇಕು. ಅದಕ್ಕೆ ಮರಣ ಪ್ರಮಾಣಪತ್ರ, ವಂಶಾವಳಿ, ಅವ್ವ, ಅಕ್ಕ ಮತ್ತು ತಮ್ಮ ನಮ್ಮ ತಕರಾರಿಲ್ಲ ಅಂತ ಬರೆದುಕೊಟ್ಟ ಅಫಿಡವಿಟ್, ಅಪ್ಪನ ಮೂಲ ಲೈಸೆನ್ಸ್, ಠಾಣೆಯ ರಸೀದಿ, ದೇಹ ಮತ್ತು ಮನಸ್ಸಿನ ಆರೋಗ್ಯದ ವೈದ್ಯಕೀಯ ಪ್ರಮಾಣಪತ್ರ, ಬಂದೂಕು ಸುರಕ್ಷಿತವಾಗಿ ಹಿಡಿಯುವ ತರಬೇತಿಯ ಪ್ರಮಾಣಪತ್ರ ಇಷ್ಟೂ ಬೇಕು. ಅಕ್ಕ ಸಾಂಗ್ಲಿಯಲ್ಲಿದ್ದಾಳೆ. ಅವಳು ಅಲ್ಲಿ ನೋಟರಿ ಮಾಡಿಸಿ ಕಳಿಸಿದ್ದು ಒಂದು ಸಲ ವಾಪಸ್ ಬಂತು, ಅದರಲ್ಲಿ ಬಂದೂಕಿನ ನಂಬರ್ ಬರೆದಿಲ್ಲ ಅಂತ. ನೀವು ಮಾಡಿಸುವಾಗ ಪ್ರತಿಯೊಂದು ಕಾಗದದಲ್ಲೂ ಲೈಸೆನ್ಸ್ ನಂಬರ್, ಬಂದೂಕಿನ ನಂಬರ್ ಎರಡೂ ಇರಲಿ.

ಇನ್ನೊಂದು ಮಾತು. ನಿಮ್ಮ ತಂದೆ ಇನ್ನೂ ಇದ್ದಾರೆ ಅಂದ್ರೆ ಈಗಲೇ ಯೋಚನೆ ಮಾಡಿ. ಲೈಸೆನ್ಸ್ ಇದ್ದವರಿಗೆ 70 ವರ್ಷ ತುಂಬಿದ್ದರೆ, ಅಥವಾ ಅವರು 25 ವರ್ಷ ಬಂದೂಕು ಇಟ್ಟುಕೊಂಡಿದ್ದರೆ, ಅವರು ಬದುಕಿರುವಾಗಲೇ ವಾರಸುದಾರರ ಹೆಸರಿಗೆ ಕೇಳಲು 2016ರ ಆಯುಧ ನಿಯಮಗಳಲ್ಲಿ ಅವಕಾಶ ಇದೆ. ನಮಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಅಪ್ಪನೇ ನನ್ನ ಜೊತೆ ಬಂದು ಸಹಿ ಹಾಕುತ್ತಿದ್ದರು.

ನಿಜವಾದ ತೊಂದರೆ ಶುರುವಾಗಿದ್ದು ಜನವರಿಯಲ್ಲಿ. ಲೈಸೆನ್ಸ್ ಪುಸ್ತಕದಲ್ಲಿ 'ಇಂಗ್ಲಿಷ್ ಮೇಕ್, ನಂಬರ್ 184' ಅಂತ ಇತ್ತು. ಪರಿಶೀಲನೆಗೆ ಬಂದವರು ಬಂದೂಕನ್ನು ತಿರುಗಿಸಿ ಮುರುಗಿಸಿ ನೋಡಿದರು. 184 ಎಲ್ಲೂ ಇಲ್ಲ. ಕುದುರೆಗಳ ಕೆಳಗೆ ಇಲ್ಲ, ಟ್ರಿಗರ್ ಸುತ್ತಿನ ಪಟ್ಟಿಯ ಮೇಲೆ ಇಲ್ಲ. "ಇದು ಬ್ಯಾರೆ ಬಂದೂಕು ಇದ್ದಂಗ ಐತಲ್ರೀ" ಅಂದರು ಒಬ್ಬರು. ನನ್ನ ಎದೆ ಝಲ್ಲೆಂದಿತು. ಅಪ್ಪ ನಲವತ್ತು ವರ್ಷ ಒಂದು ನವೀಕರಣ ತಪ್ಪಿಸದವರು, ಚುನಾವಣೆ ಘೋಷಣೆಯಾದ ಮರುದಿನವೇ ಠಾಣೆಗೆ ಹೋಗಿ ಜಮಾ ಮಾಡುತ್ತಿದ್ದವರು. ಅವರು ಲೈಸೆನ್ಸ್ ಇಲ್ಲದ ಬಂದೂಕು ಇಟ್ಟುಕೊಂಡಿದ್ದರು ಅನ್ನುವ ಅನುಮಾನ ಬಂದರೆ ಹೇಗಿರುತ್ತದೆ ಹೇಳಿ. ಆ ರಾತ್ರಿ ಮನೆಯಲ್ಲಿ ಯಾರೂ ಊಟ ಮಾಡಲಿಲ್ಲ.

ಪರಿಣತರಿಂದ ತಪಾಸಣೆ ಮಾಡಿಸಿ ವರದಿ ತನ್ನಿ ಅಂದರು. ನನ್ನ ಹೆಸರಲ್ಲಿ ಲೈಸೆನ್ಸ್ ಇಲ್ಲ, ಹಾಗಾಗಿ ನಾನು ಬಂದೂಕು ಹಿಡಿದು ಬಸ್ಸು ಹತ್ತುವಂತಿಲ್ಲ. ಹುಬ್ಬಳ್ಳಿಯ ಡೀಲರ್ ಒಬ್ಬರು ತಮ್ಮಲ್ಲಿ ಜಮಾ ಮಾಡಿಕೊಳ್ಳುತ್ತೇವೆ ಅಂತ ಪತ್ರ ಕೊಟ್ಟರು, ಠಾಣೆಯವರು ಇನ್ನೊಂದು ಪತ್ರ ಕೊಟ್ಟರು, ಮೂರು ವಾರ ಕಾದಮೇಲೆ ಪೊಲೀಸರ ಜೀಪಿನಲ್ಲೇ ಬಂದೂಕು ಹುಬ್ಬಳ್ಳಿಗೆ ಹೋಯಿತು. ನಾನು ಹಿಂದೆ ಹಿಂದೆ ಬೈಕಿನಲ್ಲಿ ನವಲಗುಂದ ದಾಟಿ ಹೋದೆ.

ಆ ಅಂಗಡಿಯ ಮಿಸ್ತ್ರಿಗೆ ಎಪ್ಪತ್ತು ದಾಟಿತ್ತು. ಬಂದೂಕು ಖಾಲಿ ಇದೆ ಅಂತ ಮೂರು ಜನ ಹೇಳಿದರೂ ಅವರು ಮೊದಲು ಮಾಡಿದ್ದು ಅದನ್ನು ಬಿಚ್ಚಿ, ಎರಡೂ ನಳಿಗೆಯ ಹಿಂದೆ ಬೆರಳು ಹಾಕಿ ನೋಡಿದ್ದು. ಆಮೇಲೆ ಮುಂದಿನ ಕಟ್ಟಿಗೆ ತೆಗೆದರು, ನಳಿಗೆಗಳನ್ನು ಬೇರೆ ಮಾಡಿದರು, ತಿರುಗಿಸಿ ಬೆನ್ನ ಮೇಲೆ ಮಲಗಿಸಿದರು. ಹಿಂಭಾಗದ ಚಪ್ಪಟೆ ಜಾಗದಲ್ಲಿ ಕರ್ರಗೆ ಜಿಡ್ಡು ಕಟ್ಟಿತ್ತು. ಚಿಮಣಿ ಎಣ್ಣೆಯಲ್ಲಿ ಅದ್ದಿದ ಅರಿವೆಯಿಂದ ಮೆಲ್ಲಗೆ ಒರೆಸಿದರು. ಒಂದೊಂದೇ ಮುದ್ರೆ ಮೇಲೆ ಬಂತು. ಬಂದೂಕಿನ ಜಾತಕ ಇರುವುದು ಅಲ್ಲೇ. ಮೇಲಿನ ಪಟ್ಟಿಯ ಮೇಲೆ ಕೊರೆದ ಹೆಸರನ್ನು ನೋಡಿ ಮೋಸ ಹೋಗಬೇಡಿ. ನಮ್ಮದರ ಮೇಲೆ ಇಂಗ್ಲಿಷ್‌ನಲ್ಲಿ 'ಲ್ಯಾಮಿನೇಟೆಡ್ ಸ್ಟೀಲ್' ಅಂತ ಇತ್ತು. ಹಿಂದೆ ಯಾರೋ ಗುಮಾಸ್ತರು ಇಂಗ್ಲಿಷ್ ಅಕ್ಷರ ನೋಡಿ ಇಂಗ್ಲಿಷ್ ಮೇಕ್ ಅಂತ ಬರೆದುಬಿಟ್ಟಿದ್ದಾರೆ.

"ಇದು ವಿಲಾಯತಿ ಅಲ್ರೀ ಸರ, ಬೆಲ್ಜಿಯಂದು" ಅಂದರು ಮಿಸ್ತ್ರಿ. ಭೂತಗನ್ನಡಿ ನನ್ನ ಕೈಗೆ ಕೊಟ್ಟರು. ಮೊಟ್ಟೆಯಾಕಾರದ ಗೆರೆಯೊಳಗೆ ಇ, ಎಲ್, ಜಿ ಅನ್ನುವ ಇಂಗ್ಲಿಷ್ ಅಕ್ಷರಗಳು, ಕೆಳಗೆ ಒಂದು ನಕ್ಷತ್ರ, ಮೊಟ್ಟೆಯ ನೆತ್ತಿಯ ಮೇಲೆ ಕಿರೀಟ. ಅದು ಬೆಲ್ಜಿಯಂನ ಲೀಯೇಜ್ ಊರಿನ ಪರೀಕ್ಷಾಲಯದ ಮುದ್ರೆ. ಅಲ್ಲಿ ಪ್ರತಿ ಬಂದೂಕಿನಲ್ಲೂ ಜಾಸ್ತಿ ಮದ್ದು ತುಂಬಿ ಹಾರಿಸಿ, ನಳಿಗೆ ತಡೆದುಕೊಂಡರೆ ಮಾತ್ರ ಈ ಗುರುತು ಒತ್ತುತ್ತಿದ್ದರು. ಬರ್ಮಿಂಗ್‌ಹ್ಯಾಮ್ ಬಂದೂಕಾಗಿದ್ದರೆ ಕಿರೀಟದ ಕೆಳಗೆ ಅಡ್ಡಡ್ಡ ಇಟ್ಟ ರಾಜದಂಡಗಳು, ಇಲ್ಲವೇ 1904ರ ನಂತರದ್ದಾದರೆ ಕಿರೀಟದ ಕೆಳಗೆ ಬಿ, ಪಿ ಅಕ್ಷರಗಳು ಇರುತ್ತಿದ್ದವು.

ಕಾಲ ಹೇಳುವುದೂ ಈ ಮುದ್ರೆಗಳೇ. ಲೀಯೇಜ್‌ನ ಮೊಟ್ಟೆ ಗುರುತಿಗೆ ಕಿರೀಟ ಬಂದದ್ದು 1893ರಲ್ಲಿ. ಹಾಗಾದರೆ ನಮ್ಮ ಬಂದೂಕು ಅದಕ್ಕಿಂತ ಹಳೆಯದಲ್ಲ. 1922ರಿಂದ ಅಲ್ಲಿ ಪ್ರತಿ ವರ್ಷಕ್ಕೊಂದು ಅಕ್ಷರ ಒತ್ತಲು ಶುರು ಮಾಡಿದರು. ನಮ್ಮದರಲ್ಲಿ ಆ ಅಕ್ಷರ ಇಲ್ಲ. ಹೊಗೆ ಇಲ್ಲದ ಹೊಸ ಮದ್ದಿಗೆ 1898ರಿಂದ ಸಿಂಹದ ಗುರುತು ಇದೆ. ಅದೂ ಇಲ್ಲ. ಅಂದ್ರೆ 1893 ಮತ್ತು 1922ರ ನಡುವೆ ಮಾಡಿದ, ಬರೀ ಹಳೇ ಕಾಲದ, ಹೊಗೆ ಬರುವ ಕರಿಮದ್ದಿಗೆ ಪರೀಕ್ಷೆಯಾದ ಬಂದೂಕು.

ನಾನು ಮಿಸ್ತ್ರಿಗೆ ಬಾಬಾಸಾಹೇಬರ ಕಥೆ ಹೇಳಿದೆ. ಅವರು ನಗಲಿಲ್ಲ. ಕುರ್ಚಿ ಹತ್ತಿರ ಎಳೆದುಕೊಂಡು ನಿಧಾನಕ್ಕೆ ಬಿಡಿಸಿ ಹೇಳಿದರು. 1858ರಲ್ಲಿ ನಮ್ಮ ಕಡೆ ಇದ್ದವು ಬಾಯಿಯಿಂದ ಮದ್ದು, ಗುಂಡು ತುಂಬಿ ಗಜದಿಂದ ಜಡಿಯುವ ಬಂದೂಕುಗಳು. ಹೀಗೆ ನಡುವೆ ಮಡಚಿ, ಹಿಂದಿನಿಂದ ತೋಟಾ ಹಾಕುವ, ತೋಟಾದ ನಡುಮಧ್ಯೆ ಕ್ಯಾಪ್ ಇರುವ ಬಂದೂಕು ಬಳಕೆಗೆ ಬಂದದ್ದೇ 1860ರ ದಶಕದಲ್ಲಿ. ಕುದುರೆ ಬಡಿದ ಮೇಲೆ ತಾನೇ ಅರ್ಧಕ್ಕೆ ಹಿಂದೆ ಸರಿದು ನಿಲ್ಲುವ ಏರ್ಪಾಡು ಇದರಲ್ಲಿದೆ, ಅದು ಇನ್ನೂ ಆಮೇಲಿನದು. ಹಾಗಾಗಿ ಮುದ್ರೆ ನೋಡದೆಯೂ ಇದು ಆ ಕಾಲದ್ದಲ್ಲ ಅಂತ ಹೇಳಬಹುದಿತ್ತು. ನನಗೆ ಆ ಹೊತ್ತಿಗೆ ನೆನಪಾಗಿದ್ದು ಕಾಕಾರ ಮುಖ.

ಅಷ್ಟರಲ್ಲಿ ಮಿಸ್ತ್ರಿ ಇನ್ನೊಂದು ಅಂಕಿ ತೋರಿಸಿದರು. ನಳಿಗೆಯ ಕೆಳಗೆ ಸಣ್ಣದಾಗಿ 18.4. ಅದು ನಳಿಗೆಯೊಳಗಿನ ಅಗಲ, ಮಿಲಿಮೀಟರಿನಲ್ಲಿ. ಬೆಲ್ಜಿಯಂನವರು ಅದನ್ನು ಒತ್ತುತ್ತಾರೆ, ಹನ್ನೆರಡು ಬೋರಿಗೆ ಹದಿನೆಂಟೂವರೆ ಆಸುಪಾಸು ಬರುತ್ತದೆ. ಅದರ ಚುಕ್ಕಿ ಸವೆದುಹೋಗಿ ಕಂಡೂ ಕಾಣದ ಹಾಗಿತ್ತು. ಅದನ್ನೇ ಯಾರೋ 184 ಅಂತ ಓದಿ ಬಂದೂಕಿನ ನಂಬರ್ ಅಂತ ಬರೆದಿದ್ದಾರೆ! ನಿಜವಾದ ನಂಬರ್ ನಾಲ್ಕು ಅಂಕಿಯದು, ನಳಿಗೆಯ ಮೇಲೆ, ಮಡಚುವ ಕಬ್ಬಿಣದ ಮೇಲೆ, ಮುಂದಿನ ಕಟ್ಟಿಗೆಯ ಒಳಗಿನ ಕಬ್ಬಿಣದ ಮೇಲೆ, ಮೂರೂ ಕಡೆ ಒಂದೇ ಇತ್ತು. ಮೂರೂ ಒಂದೇ ಇದ್ದರೆ ಭಾಗಗಳು ಹುಟ್ಟಿದಾಗಿನಿಂದ ಜೊತೆಗಿವೆ ಅಂತ ಅರ್ಥ. ನಾನು ಅಲ್ಲೇ ಅತ್ತುಬಿಟ್ಟೆ. ಮಿಸ್ತ್ರಿ ಚಹಾ ತರಿಸಿದರು.

ಈಗ ಬಂದೂಕಿನ ಸ್ಥಿತಿಯ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದ್ರೆ ಇದು ಜೀವದ ಪ್ರಶ್ನೆ.

ನಳಿಗೆಗಳನ್ನು ಕೊಕ್ಕೆಗೆ ತೂಗುಹಾಕಿ ಕಟ್ಟಿಗೆಯ ತುಂಡಿನಿಂದ ತಟ್ಟಿದರು. ಬೆಸುಗೆ ಗಟ್ಟಿಯಿದ್ದರೆ ಗುಡಿಯ ಗಂಟೆಯ ಹಾಗೆ ದನಿ ಉಳಿಯುತ್ತದೆ. ನಮ್ಮದು ಒಡೆದ ಗಡಿಗೆಯ ಹಾಗೆ ಟಪ್ ಅಂತು. ಎರಡು ನಳಿಗೆ ಕೂಡಿಸುವ ಪಟ್ಟಿಯ ಬೆಸುಗೆ ಎಲ್ಲೋ ಬಿಟ್ಟಿದೆ. ಆಮೇಲೆ ಎಲ್ಲ ಜೋಡಿಸಿ, ಹಿಂದಿನ ಕಟ್ಟಿಗೆಯನ್ನು ಕಂಕುಳಲ್ಲಿ ಒತ್ತಿ ಹಿಡಿದು ನಳಿಗೆ ಅಲ್ಲಾಡಿಸಿದರು. ಕಟ್ ಕಟ್ ಅಂತು. ಬೆಳಕಿಗೆ ಹಿಡಿದರೆ ನಳಿಗೆಗೂ ಅದರ ಹಿಂದಿನ ಗೋಡೆಗೂ ನಡುವೆ ಕೂದಲೆಳೆಯಷ್ಟು ಬೆಳಕು. ಎಡಗಡೆಯ ಕುದುರೆಯನ್ನು ಪೂರ್ತಿ ಎಳೆದಿಟ್ಟು ಹೆಬ್ಬೆರಳಿನಿಂದ ಮುಂದಕ್ಕೆ ಒತ್ತಿದರೆ, ಟ್ರಿಗರ್ ಮುಟ್ಟದೆಯೇ ಜಾರಿ ಬಿತ್ತು. ಕುದುರೆಯ ಒಳಗಿನ ಹಲ್ಲು ಸವೆದಿದೆ. ಪಕ್ಕದ ತಟ್ಟೆ ಬಿಚ್ಚಿದಾಗ ಒಳಗೆಲ್ಲ ಕಂದು ಬಣ್ಣದ ಅಂಟು. ನಾವು ವರ್ಷವರ್ಷ ಹಾಕಿದ ಕೊಬ್ಬರಿ ಎಣ್ಣೆ ಅದು! ಅಡುಗೆ ಎಣ್ಣೆ, ಕೊಬ್ಬರಿ ಎಣ್ಣೆ ಯಾವುದನ್ನೂ ಹಾಕಬೇಡಿ. ಹೊಲಿಗೆ ಯಂತ್ರಕ್ಕೆ ಹಾಕುವಂಥ ತೆಳು ಎಣ್ಣೆ ಒಂದು ಹನಿ ಸಾಕು.

ನಳಿಗೆ ಒರೆಸುವಾಗ ಹಾವಿನ ಚರ್ಮದಂಥ ಸುರುಳಿ ಚಿತ್ತಾರ ಕಂಡಿತು. ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಹೆಣೆದು, ಕಾಯಿಸಿ, ಕೋಲಿಗೆ ಸುತ್ತಿ ಬಡಿದು ಮಾಡಿದ ಡಮಾಸ್ಕಸ್ ನಳಿಗೆ. ಲೀಯೇಜ್ ಹತ್ತಿರದ ವೆಸ್ಡ್ರ್ ಕಣಿವೆಯ ಊರುಗಳಲ್ಲಿ ಇದನ್ನೇ ಮಾಡುವ ಕಮ್ಮಾರರಿದ್ದರು, ಇಂಗ್ಲೆಂಡಿನ ಬಂದೂಕುಗಾರರೂ ಅಲ್ಲಿಂದ ನಳಿಗೆ ತರಿಸುತ್ತಿದ್ದರಂತೆ. ಅಗ್ಗದ ಬಂದೂಕುಗಳಲ್ಲಿ ಸಾದಾ ಉಕ್ಕಿನ ಮೇಲೆ ಚಿತ್ತಾರ ಮಾತ್ರ ಮೂಡಿಸಿರುವುದೂ ಉಂಟು. ಅದಕ್ಕೆ ಮಿಸ್ತ್ರಿ ಕಟ್ಟಿಗೆಯ ಕೆಳಗೆ ಮುಚ್ಚಿರುವ ಭಾಗ ನೋಡಿದರು, ಅಲ್ಲೂ ಸುರುಳಿ ಇತ್ತು. ಬಲ ನಳಿಗೆಯಲ್ಲಿ ಒಂದು ಗೇಣಿನಷ್ಟು ಜಾಗ ಮಾತ್ರ ಬೋಳಾಗಿ ಹೊಳೆಯುತ್ತಿತ್ತು. ಅದು ನನ್ನ ತಮ್ಮ ಕಾಲೇಜಿನಲ್ಲಿದ್ದಾಗ ತುಕ್ಕು ತೆಗೆಯುತ್ತೇನೆ ಅಂತ ಪಾಲಿಶ್ ಪೇಪರ್‌ನಿಂದ ಉಜ್ಜಿದ ಜಾಗ. ಸುಮ್ನೆ ಬಿಟ್ಟಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು. ಉಜ್ಜಿದರೆ ಬೆಲೆಯೂ ಹೋಗುತ್ತದೆ, ದಪ್ಪವೂ ಹೋಗುತ್ತದೆ. ಕುಂಕುಮ ಹಚ್ಚಿ ನೀರು ಚಿಮುಕಿಸುತ್ತಿದ್ದ ಜಾಗದಲ್ಲಿ ಸಾಲಾಗಿ ತುಕ್ಕಿನ ಕುಳಿಗಳಿದ್ದವು.

ಕೊನೆಗೆ ನಳಿಗೆಯ ದಪ್ಪ ಅಳೆದರು. ಬಲ ನಳಿಗೆಯಲ್ಲಿ, ಹಿಂದಿನಿಂದ ಎಂಟೊಂಬತ್ತು ಇಂಚು ಮುಂದೆ, ಒಳಗೂ ಕುಳಿ ಹೊರಗೂ ಕುಳಿ. ಅಲ್ಲಿ ಉಳಿದ ದಪ್ಪ ಅರ್ಧ ಮಿಲಿಮೀಟರಿಗಿಂತ ಕಡಿಮೆ. "ಇಲ್ಲೇ ಎಡಗೈ ಇರತೈತ್ರೀ ಹೊಡಿಯೋವಾಗ. ಇದರಾಗ ತೋಟಾ ಹಾಕಬ್ಯಾಡ್ರಿ, ಯಾವ ಕಾಲಕ್ಕೂ" ಅಂದರು. ಅಪ್ಪ ಗೋವಿನಜೋಳಕ್ಕೆ ಬಂದ ಹಂದಿ ಬೆದರಿಸಲು ಇದೇ ಬಂದೂಕಿನಿಂದ ಗಾಳಿಗೆ ಹೊಡೆದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅವರ ಎಡಗೈ ಎಲ್ಲಿರುತ್ತಿತ್ತು ಅಂತ ನನಗೆ ಚೆನ್ನಾಗಿ ನೆನಪಿದೆ.

ಇನ್ನೊಂದು ಅಪಾಯ ಹೇಳಲೇಬೇಕು. ಹಳೇ ಬಂದೂಕುಗಳ ತೋಟಾ ಮನೆ, ಅಂದ್ರೆ ನಳಿಗೆಯ ಹಿಂದೆ ತೋಟಾ ಕೂರುವ ಜಾಗ, ಸಾಮಾನ್ಯವಾಗಿ 65 ಮಿಲಿಮೀಟರ್ ಉದ್ದ. ಈಗ ಸಿಗುವ 70 ಮಿಲಿಮೀಟರಿನ ಶಕ್ತಿಮಾನ್ ತೋಟಾ ಅದರಲ್ಲಿ ಸಲೀಸಾಗಿ ಕೂರುತ್ತದೆ, ಯಾಕಂದ್ರೆ 70 ಅನ್ನೋದು ಹಾರಿದ ಮೇಲೆ ಬಾಯಿ ಬಿಚ್ಚಿಕೊಂಡ ಉದ್ದ. ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಏರುತ್ತದೆ. ಕೂತಿತು ಅಂದಮಾತ್ರಕ್ಕೆ ಹೊಡೆಯಬಹುದು ಅಂತ ತಿಳಿಯಬೇಡಿ.

ಇಷ್ಟು ಹಾಳಾಗಿದೆ, ನೂರು ವರ್ಷ ಹಳೆಯದು, ಹಾಗಾದರೆ ಲೈಸೆನ್ಸೇ ಬೇಡ ಅಲ್ವಾ ಅಂತ ನನಗೂ ಅನ್ನಿಸಿತ್ತು. ಹಾಗಿಲ್ಲ. ರಿಪೇರಿ ಮಾಡಿದರೂ ಹಾರಿಸಲಾಗದ ಹಳೇ ಆಯುಧಕ್ಕೆ ಮಾತ್ರ ಕಾಯ್ದೆಯ 45ನೇ ಕಲಮಿನಲ್ಲಿ ವಿನಾಯಿತಿ. ನಮ್ಮದಕ್ಕೆ ಹಲ್ಲು ಕೂರಿಸಿ, ಬೇರೆ ನಳಿಗೆ ಹಾಕಿದರೆ ಹಾರುತ್ತದೆ. ಹಾಗಾಗಿ ಲೈಸೆನ್ಸ್ ಬೇಕೇ ಬೇಕು.

ಮಿಸ್ತ್ರಿಯ ವರದಿ, ಫೋಟೋ ಎಲ್ಲ ಕೊಟ್ಟೆ. ಮಾರ್ಚ್‌ನಲ್ಲಿ ಲೋಕಸಭಾ ಚುನಾವಣೆ ಘೋಷಣೆಯಾಯಿತು, ಜೂನ್‌ವರೆಗೆ ಕಡತ ಅಲುಗಾಡಲಿಲ್ಲ. ಆಮೇಲೆ ಮೂಲ ಕಡತ ಬೇಕು ಅಂದರು. 1997ಕ್ಕೆ ಮೊದಲು ಗದಗ ಜಿಲ್ಲೆ ಇರಲಿಲ್ಲ, ನಾವು ಧಾರವಾಡ ಜಿಲ್ಲೆಯವರು. ಒಂದು ಕಡೆ ಕೇಳಿದರೆ ಕಡತ ಆ ಕಡೆ ಹೋಗಿದೆ ಅಂದರು, ಆ ಕಡೆ ಕೇಳಿದರೆ ಬಂದೇ ಇಲ್ಲ ಅಂದರು. ಎರಡು ತಿಂಗಳು ಹೀಗೇ ಹೋಯಿತು.

ದಾರಿ ತೋರಿಸಿದ್ದು ಅಪ್ಪನ ಟ್ರಂಕು. ಚುನಾವಣೆಗೆ ಬಂದೂಕು ಜಮಾ ಮಾಡಿದ ಪ್ರತಿ ರಸೀದಿಯನ್ನೂ ಅವರು ದಾರದಿಂದ ಪೋಣಿಸಿ ಇಟ್ಟಿದ್ದರು. 1989ರ ಚುನಾವಣೆಯ ರಸೀದಿಯಲ್ಲಿ ಯಾರೋ ಪೇದೆ ಕಣ್ಣಿಟ್ಟು ನೋಡಿ ಬರೆದಿದ್ದರು, 'ನಂ. 18.4'. ಚುಕ್ಕಿ ಸಮೇತ! ಅದೇ ಕಟ್ಟಿನ ಅಡಿಯಲ್ಲಿ ಮೋಡಿ ಲಿಪಿಯ, ಅಂದ್ರೆ ಹಿಂದೆ ಮರಾಠಿ ಬರೆಯಲು ಬಳಸುತ್ತಿದ್ದ ಕೂಡುಬರಹದ, ಒಂದು ಚೀಟಿಯೂ ಇತ್ತು. ನಮಗೆ ಯಾರಿಗೂ ಓದಲು ಬರಲಿಲ್ಲ. ಹುಬ್ಬಳ್ಳಿಯಿಂದ ಚಿಗರಿ ಬಸ್ಸಿನಲ್ಲಿ ಧಾರವಾಡಕ್ಕೆ ಹೋಗಿ, ಮೋಡಿ ಬಲ್ಲ ಹಿರಿಯರೊಬ್ಬರ ಮುಂದೆ ಅದನ್ನು ಬಿಚ್ಚಿಟ್ಟೆ. ಅವರು ಎರಡು ಸಲ ಓದಿ ನೋಡಿ ಹೇಳಿದರು. ಗದಗದ ಅರಳೆ ವ್ಯಾಪಾರಿಯೊಬ್ಬರಿಂದ ನಮ್ಮ ಮುತ್ತಜ್ಜ 1934ರಲ್ಲಿ ಹಳೇ ಜೋಡುನಳಿಗೆ ಬಂದೂಕು ಕೊಂಡ ಚೀಟಿ. ಬೆಲೆ ನಲವತ್ತೈದು ರೂಪಾಯಿ. ಇಪ್ಪತ್ತು ನಗದು, ಉಳಿದದ್ದಕ್ಕೆ ಜೋಳ. ಪೀಕು ಕಾಯಲು, ಅಂತ ಕೊನೆಯಲ್ಲಿ ಬರೆದಿತ್ತು. ಆಗ ನಮ್ಮ ಎರೆಹೊಲದಲ್ಲಿ ಚಿಗರಿಗಳ (ಕೃಷ್ಣಮೃಗಗಳ) ಹಿಂಡು ಬಂದು ಒಂದು ರಾತ್ರಿಯಲ್ಲಿ ಬೆಳೆ ಮುಗಿಸುತ್ತಿದ್ದವು ಅಂತ ಅಜ್ಜಿ ಹೇಳುತ್ತಿದ್ದಳು.

ರಸೀದಿ, ಚೀಟಿಯ ಪ್ರತಿ, ಮಿಸ್ತ್ರಿಯ ವರದಿ ಮೂರನ್ನೂ ಸೇರಿಸಿ ಅಫಿಡವಿಟ್ ಮಾಡಿಸಿದೆ. ತೋಟಾ ಬೇಡ, ಹಿರಿಯರ ನೆನಪಿಗೆ ಇಟ್ಟುಕೊಳ್ಳಲು ಮಾತ್ರ ಅಂತ ಅರ್ಜಿಯಲ್ಲೇ ಬರೆದುಕೊಟ್ಟೆ. ಪೊಲೀಸ್ ಇಲಾಖೆಯಲ್ಲಿ ಆಯುಧ ನೋಡಿಕೊಳ್ಳುವ ಆರ್ಮರರ್ ಮತ್ತೊಮ್ಮೆ ನೋಡಿ ನಂಬರ್ ಒಪ್ಪಿದರು. ಐದು ವರ್ಷದ ಲೈಸೆನ್ಸ್ ಬಂತು, ಸರಿಯಾದ ನಂಬರಿನೊಂದಿಗೆ, 'ಬೆಲ್ಜಿಯಂ' ಅಂತ ಬರೆದು. ಮಿಸ್ತ್ರಿಗೆ 2,500 ರೂಪಾಯಿ, ಡೀಲರ್ ಹತ್ತಿರ ಇಟ್ಟದ್ದಕ್ಕೆ ತಿಂಗಳಿಗೆ 300, ಅಫಿಡವಿಟ್, ನೋಟರಿ, ಸರ್ಕಾರಿ ಶುಲ್ಕ, ತರಬೇತಿ, ಓಡಾಟ ಎಲ್ಲ ಸೇರಿ ಹದಿನಾಲ್ಕು ಸಾವಿರದ ಹತ್ತಿರ ಆಯಿತು. ಬಂದೂಕು ಮಾರಿದರೆ ಅಷ್ಟು ಬರುವುದಿಲ್ಲ ಅಂತ ಡೀಲರ್ ಹೇಳಿದರು.

ಕಾಕಾರಿಗೆ ಹೇಳುವುದನ್ನು ನಾನು ಮುಂದೂಡುತ್ತಲೇ ಬಂದಿದ್ದೆ. ಬಂದೂಕು ಮನೆಗೆ ಬಂದ ಸಂಜೆ ಕಟ್ಟೆಯ ಮೇಲೆ ಕೂರಿಸಿ, ಕಿರೀಟದ ಗುರುತು ತೋರಿಸಿ, 1893 ಅಂತ ಹೇಳಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಚೀಟಿ ಓದಿಸಿದರು. ಜೋಳ ಅಂತ ಬಂದಾಗ ನನ್ನ ಕೈ ಹಿಡಿದು, "ಎಷ್ಟ್ ಜೋಳ ಅಂತ ಬರದೈತೇನೋ ತಮ್ಮಾ?" ಅಂತ ಕೇಳಿದರು. ಎರಡು ಚೀಲ ಅಂತ ಇತ್ತು, ಹೇಳಿದೆ.

ಈ ಮಹಾನವಮಿಗೆ ಖಂಡೇ ಪೂಜೆಯಲ್ಲಿ ಕಾಕಾ ತಾವೇ ಕುಂಕುಮದ ಬಟ್ಟಲು ಹಿಡಿದು ಬಂದರು. ನಳಿಗೆಗೆ ಹಚ್ಚಲಿಲ್ಲ, ಹಿಂದಿನ ಕಟ್ಟಿಗೆಗೆ ಒಂದು ಬೊಟ್ಟು ಇಟ್ಟರು. ಬಂದೂಕಿನ ಪಕ್ಕ ಆ ಚೀಟಿಯ ಲಕೋಟೆ ಇಟ್ಟು, ಅದರ ಮುಂದೆ ಒಂದು ಬೊಗಸೆ ಬಿಳಿಜೋಳ ಸುರಿದರು.